ವಾಚನಾಲಯದ ಟ್ರಂಕಿನೊಳಗಿನ ಚಿತ್ರದ ಪುಸ್ತಕಗಳು

ನಾನು ಜತ್ತ ತಾಲೂಕಿನ ಒಬ್ಬ ಒಕ್ಕಲುತನ ಮಾಡುವ ಮನುಷ್ಯ. ಕಲಿತದ್ದು ನಮ್ಮೂರ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆ, ಅಷ್ಟೇ. ನಲವತ್ತು ವರ್ಷದಿಂದ ದಪ್ಪು ಹಿಡಿದು ಗೀಗೀ ಪದ ಹಾಡುತ್ತ ಬಂದಿದ್ದೇನೆ. ವಾಚನಾಲಯದ ಪುಸ್ತಕಕ್ಕೆ ನೀವೂ ಒಂದು ವಿಮರ್ಶೆ ಬರೆದು ಕೊಡ್ರಿ ಅಂತ ಕಮಿಟಿಯ ಹುಡುಗರು ಕೇಳಿದಾಗ, ವಿಮರ್ಶೆ ಬರೆಯೋದು ಮಾಸ್ತರ ಮಂದಿ ಕೆಲಸ, ನನಗೇನು ತಿಳೀತದ ಅಂದೆ. ಆದರೆ ಈ ವರ್ಷ ನಮ್ಮ ವಾಚನಾಲಯದಲ್ಲಿ ನಡೆದ ಒಂದು ಪ್ರಸಂಗ ನನ್ನ ನಿದ್ದೆಗೆಡಿಸಿತು. ಅದನ್ನು ಹೇಳುತ್ತ ಹೇಳುತ್ತ, ಹಳೆಯ ಚಿತ್ರದ ಕಥೆ ಪುಸ್ತಕಗಳ ಬಗ್ಗೆ ನನಗೆ ತಿಳಿದಷ್ಟು ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿರಿ.

ದೀಪಾವಳಿ ಆದ ಮೇಲೆ ಪುಣೆಯಿಂದ ಒಬ್ಬ ಗೃಹಸ್ಥರು ನಮ್ಮೂರಿಗೆ ಬಂದರು. ಮೂಲ ನಮ್ಮ ಕಡೆಯವರೇ, ಕನ್ನಡ ಮನೆತನ. ಮಕ್ಕಳ ಹಳೆಯ ಚಿತ್ರದ ಪುಸ್ತಕ ಕೂಡಿಸುವುದು ಅವರ ಹವ್ಯಾಸ. ವಾಚನಾಲಯದಲ್ಲಿ ಒಂದು ಟ್ರಂಕು ತುಂಬ ಹಳೆಯ ಚಂದಮಾಮ ಇವೆ ಅಂತ ಯಾರೋ ಹೇಳಿದ್ದರಂತೆ. ಟ್ರಂಕು ತೆಗೆಸಿ, ಕೈ ತೊಳೆದು ಒರೆಸಿಕೊಂಡು, ನೆಲಕ್ಕೆ ಒಂದು ಬಿಳಿ ಬಟ್ಟೆ ಹಾಸಿ, ಒಂದೊಂದೇ ಸಂಚಿಕೆಯನ್ನು ಹಸುಗೂಸು ಎತ್ತಿದ ಹಾಗೆ ಎತ್ತಿ ಇಟ್ಟರು. ಆ ಮನುಷ್ಯನ ಮೇಲೆ ನನಗೆ ಆಗಲೇ ಗೌರವ ಬಂತು. ಪುಸ್ತಕವನ್ನು ಹಾಗೆ ಮುಟ್ಟುವವರನ್ನು ನಾನು ಬಹಳ ಕಂಡಿಲ್ಲ.

ಅವರು ನೋಡುತ್ತಿದ್ದ ರೀತಿ ಹೀಗಿತ್ತು. ಮೊದಲು ಮುಖಪುಟ ಇದೆಯೇ, ಹರಿದಿದೆಯೇ. ಆಮೇಲೆ ತಿಂಗಳು, ವರ್ಷ. ಆಮೇಲೆ ನಡುವಿನ ಹಾಳೆ ಉದುರಿವೆಯೇ ಅಂತ ಎಣಿಕೆ. ಪೆನ್ನಿನ ಗೀಚು, ಹುಳ ತಿಂದ ತೂತು, ನೀರಿನ ಕಲೆ. ಚಲೋ ಇದ್ದವು ಒಂದು ಕಡೆ, ಕೆಟ್ಟವು ಒಂದು ಕಡೆ. ಚಲೋ ಇದ್ದವನ್ನೆಲ್ಲ ಕೊಟ್ಟರೆ ಅವರು ಹೇಳಿದ ರೊಕ್ಕದಲ್ಲಿ ನಮ್ಮ ವಾಚನಾಲಯದ ಮಾಳಿಗೆಯ ಪತ್ರಾ ಪೂರ್ತಿ ಬದಲಿಸಬಹುದಿತ್ತು. ಮಳೆಗಾಲದಲ್ಲಿ ನಮ್ಮ ವಾಚನಾಲಯ ಎಷ್ಟು ಸೋರುತ್ತದೆ ಅಂತ ನಿಮಗೆಲ್ಲ ಗೊತ್ತೇ ಇದೆ.

ಕೆಟ್ಟವು ಅಂತ ಅವರು ಬದಿಗಿಟ್ಟ ಗುಂಪಿನಲ್ಲಿ ಒಂದು ಸಂಚಿಕೆ ಇತ್ತು. ಮುಖಪುಟ ಇಲ್ಲ, ಬೇತಾಳ ಕಥೆಯ ಪುಟದ ಮೇಲೆ ಕಂದು ಬಣ್ಣದ ಕಲೆ. ಆ ಕಲೆ ನನ್ನ ಕೈಯದು. ಅದರ ಸುದ್ದಿ ಮುಂದೆ ಹೇಳುತ್ತೇನೆ.

ಅವರು ಇನ್ನೊಂದು ಮಾತು ಕೇಳಿದರು. "ಕಾಕಾ, ಅಮರ ಚಿತ್ರ ಕಥೆಯ ಮೊದಲಿನ ಹತ್ತು ಕನ್ನಡ ಪುಸ್ತಕ ಎಲ್ಲಾದರೂ ನೋಡೀರೇನು?" ಅಂದರು. ನನಗೆ ತಿಳಿಯಲಿಲ್ಲ. ಆಗ ಅವರೇ ತಿಳಿಸಿದರು. ಅಮರ ಚಿತ್ರ ಕಥೆಯ 'ಕೃಷ್ಣ' ಪುಸ್ತಕದ ಸಂಖ್ಯೆ 11. ಅದಕ್ಕಿಂತ ಮೊದಲಿನ ಹತ್ತು ಪುಸ್ತಕ ದೇವರ ಕಥೆಯಲ್ಲ, ಸಿಂಡ್ರೆಲಾ, ಸ್ನೋವೈಟ್ ಇಂಥ ಪರದೇಶದ ಕಥೆಗಳು. 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದವು. ಈಗ ಅವು ಕಣ್ಣಿಗೆ ಬೀಳುವುದೇ ಕಡಿಮೆ. ಯಾಕಂದರೆ ಅಗ್ಗದ ಕಾಗದ, ಓದುವವು ಮಕ್ಕಳು, ಓದಿ ಹರಿದ ಮೇಲೆ ರದ್ದಿ. ಚಲೋ ಬೈಂಡಿನ ಪುರಾಣ ಮನೆಮನೆಯಲ್ಲಿ ನೂರು ವರ್ಷ ಉಳಿಯುತ್ತದೆ, ಮಕ್ಕಳ ಪುಸ್ತಕ ಹತ್ತು ವರ್ಷ ಬಾಳುವುದಿಲ್ಲ. ಅದಕ್ಕೇ ಉಳಿದ ಒಂದೊಂದಕ್ಕೆ ಈ ಬೆಲೆ.

ಇಲ್ಲಿ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಬಹಳ ವರ್ಷದ ಹಿಂದೆ ನಾನೇ ಕಮಿಟಿಯಲ್ಲಿದ್ದಾಗ, ಕಪಾಟಿನಲ್ಲಿ ಜಾಗ ಇಲ್ಲ ಅಂತ ಎರಡು ಚೀಲ ಮಕ್ಕಳ ಪುಸ್ತಕ ರದ್ದಿಗೆ ಹಾಕಿದೆವು. ತೂಕ ಮಾಡಿ ಕೊಟ್ಟೆವು. ಠರಾವಿಗೆ ನಾನೂ ಸಹಿ ಮಾಡಿದ್ದೇನೆ. ಮುಂದಿನ ವಾರ ಸಂತೆಯಲ್ಲಿ ಶೇಂಗಾ ಕಟ್ಟಿಕೊಟ್ಟ ಕಾಗದ ಬಿಚ್ಚಿದರೆ ಒಳಗೆ ರಾಜಕುಮಾರಿಯ ಅರ್ಧ ಮುಖ. ಅಂದಿನಿಂದ ನಾನು ಸಂಗ್ರಹ ಮಾಡುವವರನ್ನು ಹುಚ್ಚರು ಅನ್ನುವುದು ಬಿಟ್ಟೆ. ಅವರು ಇಲ್ಲದಿದ್ದರೆ ನಾವು ಅಷ್ಟನ್ನೂ ಶೇಂಗಾಕ್ಕೆ ಸುತ್ತಿಬಿಡುತ್ತಿದ್ದೆವು.

ಆದ್ದರಿಂದ ಕೊಡಬೇಕೋ ಬ್ಯಾಡೋ ಅನ್ನುವ ಪ್ರಶ್ನೆ ರೊಕ್ಕದ ಮೇಲೆ ಮುಗಿಯುವುದಿಲ್ಲ. ಈ ಪುಸ್ತಕದ ಚಿತ್ರಗಳಲ್ಲಿ ನಮಗೆ ಏನಿದೆ, ಏನಿಲ್ಲ, ಅದನ್ನು ಮೊದಲು ನೋಡಬೇಕು. ನಾನು ಒಂದು ವಾರ ಸಂಜೆ ಸಂಜೆ ಕುಂತು ಟ್ರಂಕು ಪೂರಾ ನೋಡಿದೆ.

ಮೊದಲು ಚಂದಮಾಮ. ಮದ್ರಾಸಿನಲ್ಲಿ ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈದಲ್ಲಿ ತೆಲುಗು, ತಮಿಳಿನಲ್ಲಿ ಇದನ್ನು ಶುರು ಮಾಡಿದರು. ಕನ್ನಡಕ್ಕೆ ಬಂದದ್ದು 1949ರಲ್ಲಿ. ಚಿತ್ರ ಬರೆದವರು ಹಲವರು. 'ಚಿತ್ರಾ' ಅಂತ ಸಹಿ ಹಾಕುತ್ತಿದ್ದವರು ಟಿ.ವಿ. ರಾಘವನ್. 'ಶಂಕರ್' ಅಂದರೆ ಕೆ.ಸಿ. ಶಿವಶಂಕರನ್. ಮುಖಪುಟಕ್ಕೆ ತುಂಬು ಬಣ್ಣದ ಚಿತ್ರ ಬರೆದ ವಡ್ಡಾದಿ ಪಾಪಯ್ಯನವರು, ಮಹಾಭಾರತದ ಚಿತ್ರ ಬರೆದ ನಮ್ಮ ಕನ್ನಡದ ಎಂ.ಟಿ.ವಿ. ಆಚಾರ್ಯರು. ಇವರ ಹೆಸರು ಸಣ್ಣಂದಿನಲ್ಲಿ ನಮಗೆ ಗೊತ್ತಿರಲಿಲ್ಲ. ಕೈ ಮಾತ್ರ ಗೊತ್ತಿತ್ತು. ಇದು ಯಾರು ಬರೆದ ಚಿತ್ರ ಅಂತ ಸಹಿ ನೋಡದೆ ಹೇಳುತ್ತಿದ್ದೆವು, ಎತ್ತಿನ ನಡಿಗೆ ನೋಡಿ ಇದು ಯಾರ ಮನೆಯ ಎತ್ತು ಅಂತ ಹೇಳಿದ ಹಾಗೆ.

ಎಲ್ಲಕ್ಕಿಂತ ಹೆಚ್ಚು ನಮ್ಮ ಮನಸ್ಸಿನಲ್ಲಿ ಕುಂತದ್ದು ಶಂಕರ್ ಅವರ ಬೇತಾಳದ ಚಿತ್ರ. ರಾಜ ಹೆಗಲ ಮೇಲೆ ಹೆಣ ಹೊತ್ತು ಕತ್ತಲೆಯಲ್ಲಿ ನಡೆದಿದ್ದಾನೆ, ಕೈಯಲ್ಲಿ ಕತ್ತಿ. ಪ್ರತಿ ತಿಂಗಳೂ ಅದೇ ರಾಜ, ಅದೇ ಹೆಣ. ಬೇಸರ ಬರಬೇಕಿತ್ತು, ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದು ನನಗೆ ತಿಳಿದದ್ದು ಗೀಗೀ ಮೇಳ ಸೇರಿದ ಮೇಲೆ. ನಮ್ಮಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಒಬ್ಬರು ಸವಾಲ್ ಹಾಕುತ್ತಾರೆ, ಇನ್ನೊಬ್ಬರು ಜವಾಬ್ ಕೊಡಬೇಕು. ಬೆಳತನಕ ನಡೆಯುತ್ತದೆ. ಬೇತಾಳ ಮಾಡುವುದೂ ಇದನ್ನೇ. ಕಥೆ ಹೇಳಿ ಸವಾಲ್ ಹಾಕುತ್ತದೆ. ಜವಾಬು ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಒಡೆಯುತ್ತದೆ, ಹೇಳಿದರೆ ಮೌನ ಮುರಿದು ಹೆಣ ಕೈಬಿಟ್ಟು ಹೋಗುತ್ತದೆ. ಆ ಚಿತ್ರದಲ್ಲಿ ಕತ್ತಿ ಯಾತಕ್ಕೂ ಉಪಯೋಗವಿಲ್ಲ ಅನ್ನುವುದನ್ನು ನೋಡ್ರಿ. ಹೆಗಲ ಮೇಲಿನದು ಮಾತಿನಿಂದ ಹೊಡೆಯುತ್ತದೆ, ಕೈಯಲ್ಲಿನದು ಕಬ್ಬಿಣ. ಒಂದು ಹಾಳೆಯ ಮೇಲೆ ಇಷ್ಟನ್ನು ತಂದವರು ದೊಡ್ಡ ಕಲಾವಿದರೇ ಸೈ. ಸಂಸ್ಕೃತದ ಮೂಲದಲ್ಲಿ ಬೇತಾಳ ಹೇಳಿದ್ದು 25 ಕಥೆ. ಚಂದಮಾಮದವರು ಆ ಚೌಕಟ್ಟು ಹಿಡಿದು ಹೊಸ ಹೊಸ ಕಥೆ ಕಟ್ಟಿ ಹತ್ತಾರು ವರ್ಷ ನಡೆಸಿದರು. ಕಥೆ ಬದಲಾದವು, ಚಿತ್ರ ಆ ಭಾರ ಹೊತ್ತು ನಡೆಯಿತು. 1924ರಲ್ಲಿ ಹುಟ್ಟಿದ ಶಂಕರ್ 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಅದರ ಮುಂದಿನ ವರ್ಷ.

ಈಗ ಆ ಕಲೆಯ ಸುದ್ದಿ. 1972ರ ಬರಗಾಲ ನಮ್ಮ ಕಡೆಯ ಹಿರಿಯರು ಯಾರೂ ಮರೆತಿಲ್ಲ. ನಾನು ಸಾಲಿ ಬಿಟ್ಟದ್ದೂ ಆ ಹೊಡೆತದಲ್ಲೇ. ಅಪ್ಪ, ಅವ್ವ ಇಬ್ಬರೂ ಸರಕಾರಿ ಕಾಮಗಾರಿಗೆ ಖಡಿ ಒಡೆಯಲು ಹೋಗುತ್ತಿದ್ದರು. ನಾನು ತಂಗಿಯನ್ನು ಎತ್ತಿಕೊಂಡು ಅಲ್ಲೇ ಇರುತ್ತಿದ್ದೆ. ತಿನ್ನಲಿಕ್ಕೆ ಸುಕಡಿ ಕೊಡುತ್ತಿದ್ದರು. ವಾಚನಾಲಯದಿಂದ ತಂದ ಒಂದು ಚಂದಮಾಮ ನನ್ನ ಹತ್ತಿರ ಇತ್ತು, ತಿರುಗಿ ಕೊಟ್ಟಿರಲಿಲ್ಲ. ಮಧ್ಯಾಹ್ನ ಕೈ ಬಿಟ್ಟಾಗ ಹೆಣ್ಣುಮಕ್ಕಳು ಬೇವಿನ ಗಿಡದ ಕೆಳಗೆ ಕೂಡುತ್ತಿದ್ದರು. ನಾನು ಬೇತಾಳನ ಕಥೆ ಓದುತ್ತಿದ್ದೆ, ಚಿತ್ರ ಎತ್ತಿ ತೋರಿಸುತ್ತಿದ್ದೆ. "ಪಾಪ, ಈ ರಾಜಾನೂ ನಮ್ಮಂಗs ಹೊತ್ತಾನ ನೋಡ" ಅಂತ ಒಬ್ಬ ಮುದುಕಿ ಅಂದಳು. ತಲೆಯ ಮೇಲೆ ಖಡಿ ಬುಟ್ಟಿ ಹೊತ್ತು ಹೊತ್ತು ಅವಳ ಕೂದಲು ಉದುರಿತ್ತು. ನನ್ನ ಪಾಲಿಗೆ ಆ ಚಿತ್ರದ ಬಗ್ಗೆ ಅದೇ ಮೊದಲ ವಿಮರ್ಶೆ, ಅದಕ್ಕಿಂತ ಚಲೋ ವಿಮರ್ಶೆ ಆಮೇಲೆ ನಾನು ಕೇಳಿಲ್ಲ. ಪುಟದ ಮೇಲಿನ ಕಲೆ ಸುಕಡಿ ತಿಂದ ಕೈಯದು. ಪುಣೆಯವರಿಗೆ ಅದು ಕೆಟ್ಟ ಪ್ರತಿ. ತಪ್ಪು ಅನ್ನಲಾರೆ, ಅವರಿಗೆ ಹೇಗೆ ಗೊತ್ತಾಗಬೇಕು?

ಹೊಗಳಿದ್ದಾಯಿತು. ಈಗ ನನ್ನ ತಕರಾರು. ಟ್ರಂಕಿನಲ್ಲಿದ್ದ ಸಂಚಿಕೆಗಳನ್ನೆಲ್ಲ ಒಂದರ ಪಕ್ಕ ಒಂದು ಇಟ್ಟು ನಮ್ಮ ಕಡೆಯ ಒಬ್ಬ ಹೆಣ್ಣುಮಗಳನ್ನು ಹುಡುಕಿದೆ. ಇಳಕಲ್ಲ ಸೀರೆ ಕಚ್ಚೆ ಹಾಕಿ ಉಟ್ಟು, ಖಣದ ಕುಬಸ ತೊಟ್ಟು, ಕೊರಳಲ್ಲಿ ಬೋರಮಾಳ ಹಾಕಿಕೊಂಡವಳು ಒಬ್ಬಳೂ ಸಿಗಲಿಲ್ಲ. ರಾಣಿ ಇದ್ದಾಳೆ, ರಾಕ್ಷಸಿ ಇದ್ದಾಳೆ, ಬಡ ಬ್ರಾಹ್ಮಣನ ಹೆಂಡತಿ ಇದ್ದಾಳೆ. ಬಡವಳು ಕೂಡ ಮೈಕೈ ತುಂಬಿಕೊಂಡು ಗುಡಿಯ ಬೊಂಬೆಯ ಹಾಗೆ ನಿಂತಿದ್ದಾಳೆ. ಎತ್ತುಗಳಿವೆ, ನಮ್ಮ ಖಿಲಾರಿಯ ಹಾಗೆ ಹಿಂದಕ್ಕೆ ಬಾಗಿ ಮೇಲೆದ್ದ ಕೋಡಿನ ಎತ್ತು ನನಗೆ ಕಾಣಲಿಲ್ಲ. ಕಂಬಳಿ ಹೊದ್ದ ಕುರುಬ, ಅವನ ಮುಂದೆ ನಮ್ಮ ಮಾಡಗ್ಯಾಳದ ಗಿಣಿಮೂಗಿನ ಕುರಿ, ಅದೂ ಇಲ್ಲ.

ಇದು ಚಿತ್ರಕಾರರ ಸೊಕ್ಕು ಅಂತ ನಾನು ಮೊದಲು ತಿಳಿದಿದ್ದೆ. ಅಲ್ಲ. ಕಾರಣ ಬೇರೆ ಇದೆ. ಮದ್ರಾಸಿನಲ್ಲಿ ಒಂದು ಕಥೆಗೆ ಒಂದೇ ಸಲ ಚಿತ್ರ ಬರೆಯುತ್ತಿದ್ದರು. ಅದೇ ಚಿತ್ರ ತೆಲುಗಿಗೆ, ತಮಿಳಿಗೆ, ಕನ್ನಡಕ್ಕೆ, ಹಿಂದಿಗೆ, ಮರಾಠಿಗೆ. ಅಕ್ಷರ ಮಾತ್ರ ಬದಲು. ನಮ್ಮೂರಲ್ಲಿ ಮರಾಠಿ 'ಚಾಂದೋಬಾ' ಓದುವವರೂ ಇದ್ದರು. ನಾವಿಬ್ಬರೂ ಓದುತ್ತಿದ್ದದ್ದು ಬೇರೆ, ನೋಡುತ್ತಿದ್ದದ್ದು ಒಂದೇ. ಇಷ್ಟು ಭಾಷೆಯ ಮಕ್ಕಳಿಗೆ ಒಪ್ಪಬೇಕಾದ ಚಿತ್ರ ಯಾವ ಊರಿನದೂ ಆಗಿರಬಾರದು. ಜತ್ತದ ಸೀರೆ ಉಡಿಸಿದರೆ ಗುಂಟೂರಿನ ಮಗು ಇವಳ್ಯಾರು ಅಂದೀತು. ಆದ್ದರಿಂದ ಅರಮನೆಯೇ ಸುರಕ್ಷಿತ, ಯಾಕಂದರೆ ಅರಮನೆ ಯಾರೂ ನೋಡಿದ್ದಲ್ಲ. ಭಾಷೆಯೂ ಹಾಗೇ. ಕಥೆಗಳು ಮೊದಲು ತೆಲುಗಿನಲ್ಲಿ ಆಗಿ, ಆಮೇಲೆ ಕನ್ನಡಕ್ಕೆ ತಿರುಗುತ್ತಿದ್ದವು. ಕೊಡವಟಿಗಂಟಿ ಕುಟುಂಬರಾವ್ ಅವರಂಥ ದೊಡ್ಡ ಬರಹಗಾರರು ಅದರ ಹಿಂದೆ ಇದ್ದರು. ಕನ್ನಡ ಶುದ್ಧವಾಗಿತ್ತು, ತೊಳೆದಿಟ್ಟ ಪಾತ್ರೆಯ ಹಾಗೆ. ಆದರೆ 'ಹೊಲದಾಗ' ಅನ್ನುವ ಮನುಷ್ಯ ಅದರಲ್ಲಿ ಒಬ್ಬನೂ ಇರಲಿಲ್ಲ.

ಇದನ್ನು ಬರೆದ ಕೂಡಲೇ ನನಗೆ ಇನ್ನೊಂದು ಮಾತು ನೆನಪಾಗುತ್ತದೆ, ಅದನ್ನು ಹೇಳದಿದ್ದರೆ ನ್ಯಾಯ ಆಗುವುದಿಲ್ಲ. ಯಾವ ಊರಿನದೂ ಆಗಿರದ ಕಾರಣಕ್ಕೇ ಅದು ನಮ್ಮೂರಿಗೂ ಬಂತು. ಬೆಂಗಳೂರು, ಮೈಸೂರಿನವರು ತಮ್ಮೂರಿನ ಮಕ್ಕಳಿಗಾಗಿ ತಮ್ಮ ಮಾತಿನಲ್ಲಿ ಬರೆದ ಪುಸ್ತಕ ಗಡಿ ದಾಟಿ ಮಹಾರಾಷ್ಟ್ರದ ಒಂದು ಹಳ್ಳಿಗೆ ಬರುತ್ತಿರಲಿಲ್ಲ. ಚಂದಮಾಮ ಬಂತು. ಸಾಲಿ ಬಿಟ್ಟ ಮೇಲೂ ನನಗೆ ಅಕ್ಷರ ಮರೆಯದ ಹಾಗೆ ಮಾಡಿದ್ದು ಅದು. ಈ ಲೇಖನದಲ್ಲಿ ನೀವು ಓದುವ ಪುಸ್ತಕದ ಕನ್ನಡ ಇದೆಯಲ್ಲ, ಅದರಲ್ಲಿ ಬಹಳಷ್ಟು ಅಲ್ಲಿಂದ ಬಂದದ್ದು. ಆದ್ದರಿಂದ ನನ್ನ ತಕರಾರು ಮಗ ತಾಯಿಯ ಮೇಲೆ ಮಾಡುವ ತಕರಾರು.

ಟ್ರಂಕಿನ ತಳದಲ್ಲಿ ಇನ್ನೂ ಎರಡು ಪುಸ್ತಕ ಇದ್ದವು. ರಶಿಯಾದವು. ಸೋವಿಯತ್ ಕಾಲದಲ್ಲಿ ಮಾಸ್ಕೋದಲ್ಲಿ ಅಚ್ಚಾದ ಮಕ್ಕಳ ಪುಸ್ತಕ ನಮ್ಮ ದೇಶದಲ್ಲಿ ಬಹಳ ಅಗ್ಗಕ್ಕೆ ಸಿಗುತ್ತಿದ್ದವು. ಕನ್ನಡಕ್ಕೆ ಬೆಂಗಳೂರಿನ ನವಕರ್ನಾಟಕ ಪ್ರಕಾಶನದವರು, ಮರಾಠಿಗೆ ಲೋಕವಾಙ್ಮಯ ಗೃಹದವರು ಅವನ್ನು ತಂದು ಪ್ರದರ್ಶನ ಇಟ್ಟು ಮಾರುತ್ತಿದ್ದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಮುಗಿದ ಮೇಲೆ ಆ ಹರಿವೂ ನಿಂತಿತು. ನಮ್ಮೂರ ಮಾಸ್ತರೊಬ್ಬರು ಸೋಲಾಪುರದ ಪ್ರದರ್ಶನದಿಂದ ಇವೆರಡನ್ನು ತಂದಿದ್ದರು. ಕನ್ನಡದವು ತೀರಿದ್ದವೋ ಏನೋ, ತಂದದ್ದು ಇಂಗ್ಲಿಷಿನವು.

ನನಗೆ ಇಂಗ್ಲಿಷು ಬರುವುದಿಲ್ಲ. ಒಂದು ಪುಸ್ತಕದಲ್ಲಿ ಹಿಮ ಬಿದ್ದ ಅಡವಿ. ಒಬ್ಬ ಮುದುಕ ತನ್ನ ಕೈಗವಸು ಬೀಳಿಸಿ ಹೋಗುತ್ತಾನೆ. ಇಲಿ ಬಂದು ಅದರಲ್ಲಿ ಸೇರುತ್ತದೆ. ಆಮೇಲೆ ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕಡೆಗೆ ಕರಡಿ. ಪುಟ ತಿರುವಿದ ಹಾಗೆ ಆ ಕೈಗವಸಿಗೆ ಏಣಿ ಬರುತ್ತದೆ, ಕಿಟಕಿ ಬರುತ್ತದೆ, ಹೊಗೆಗೂಡು ಬರುತ್ತದೆ. ಹೊಲಿಗೆ ಹರಿಯುವಷ್ಟು ಇಕ್ಕಟ್ಟು. ಕೊನೆಗೆ ಮುದುಕನ ನಾಯಿ ಬೊಗಳುತ್ತದೆ, ಎಲ್ಲ ಓಡುತ್ತವೆ. ಒಂದಕ್ಷರ ಓದದೆ ಇಷ್ಟೂ ಕಥೆ ನನಗೆ ತಿಳಿಯಿತು. ಆಮೇಲೆ ಮಾಸ್ತರರು ಓದಿ ಹೇಳಿದಾಗ ನಾನು ತಿಳಿದದ್ದೇ ಸರಿ ಇತ್ತು. ಕಥೆ ಉಕ್ರೇನಿನ ಜನಪದದ್ದು, ಚಿತ್ರ ಯೆವ್ಗೆನಿ ರಾಚೆವ್ ಅವರದು. ಚಿತ್ರದ ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದು ಇದ್ದೀತು?

ಆದರೆ ನಾನು ಕಣ್ಣು ಕೀಳದೆ ನೋಡಿದ್ದು ಆ ಪ್ರಾಣಿಗಳ ಬಟ್ಟೆ. ನರಿಗೂ ಮೊಲಕ್ಕೂ ಅರಮನೆಯ ವೇಷವಿಲ್ಲ. ಆ ಕಡೆಯ ಹಳ್ಳಿಯ ಮಂದಿ ಉಡುವ ಕಸೂತಿಯ ಅಂಗಿ, ನಡುಕಟ್ಟು, ದಪ್ಪ ಕೋಟು. ಒಂದೊಂದು ಪ್ರಾಣಿಗೆ ಒಂದೊಂದು ತರದ ಹಳ್ಳಿಯವರ ಗತ್ತು. ನಾನು ಉಕ್ರೇನು ನೋಡಿಲ್ಲ. ಆದರೂ ಅವರು ದುಡಿಯುವ ಮಂದಿ ಅಂತ ನನಗೆ ಗುರುತು ಸಿಕ್ಕಿತು. ನನ್ನ ಭಾಷೆಯ ಪುಸ್ತಕದಲ್ಲಿ ಸಿಗದ ಒಕ್ಕಲಿನ ಮನುಷ್ಯ ನನಗೆ ಓದಲು ಬಾರದ ಪುಸ್ತಕದಲ್ಲಿ ಸಿಕ್ಕ.

ಎರಡನೆಯದು ವಾಸಿಲಿಸಾ ಎಂಬ ಹುಡುಗಿಯ ಕಥೆ. ಚಿತ್ರ ಇವಾನ್ ಬಿಲಿಬಿನ್ ಅವರದು, 1900ರ ಸುಮಾರಿಗೆ ಬರೆದದ್ದು. ಕಪ್ಪು ಗೆರೆ ಗಟ್ಟಿಯಾಗಿ ಎಳೆದು ಒಳಗೆ ಬಣ್ಣ ತುಂಬುವ ಕೈ. ಚಿತ್ರದ ಸುತ್ತ ಅಂಚು, ನಮ್ಮ ಸೀರೆಯ ದಡಿಯ ಹಾಗೆ. ಮಲತಾಯಿಯ ಮನೆಯವರು ಬೆಂಕಿ ತಾ ಅಂತ ಹುಡುಗಿಯನ್ನು ಬಾಬಾ ಯಾಗಾ ಎಂಬ ಮುದಿ ರಾಕ್ಷಸಿಯ ಹತ್ತಿರ ಅಡವಿಗೆ ಕಳಿಸುತ್ತಾರೆ. ಹುಡುಗಿ ಕೋಲಿನ ತುದಿಗೆ ಉರಿಯುವ ಕಣ್ಣಿನ ತಲೆಬುರುಡೆ ಹಿಡಿದು ಒಬ್ಬಳೇ ಕತ್ತಲೆಯಲ್ಲಿ ಬರುತ್ತಾಳೆ. ಆ ಮುದುಕಿ ಹಾರಾಡುವುದು ಒರಳಿನಲ್ಲಿ ಕುಂತು, ಕೈಯಲ್ಲಿ ಒನಕೆ, ಕಸಬರಿಗೆ. ಆಗ ನಮ್ಮವ್ವ ಇನ್ನೂ ಇದ್ದಳು. ಚಿತ್ರ ತೋರಿಸಿದೆ. ಬಹಳ ನಕ್ಕಳು. "ಇಕಿನೂ ಕುಟ್ಟಿ ಕುಟ್ಟಿ ಬ್ಯಾಸತ್ತು ಹಾರಿ ಹೋಗ್ಯಾಳ ತಗೋ" ಅಂದಳು. ಅಷ್ಟು ದೂರದ ದೇಶದ ರಾಕ್ಷಸಿ ನಮ್ಮ ಅಡಿಗೆಮನೆಗೆ ಬಂದು ಕುಂತಳು, ಯಾಕಂದರೆ ಅವಳ ಕೈಯಲ್ಲಿ ಇದ್ದದ್ದು ದಿನದ ಸಾಮಾನು.

ಈ ಬಿಲಿಬಿನ್ ಕುಂತಲ್ಲೇ ಕಲ್ಪಿಸಿ ಬರೆದವರಲ್ಲ. 1902ರಿಂದ 1904ರ ವರೆಗೆ ಉತ್ತರ ರಶಿಯಾದ ಹಳ್ಳಿಗಳನ್ನು ತಿರುಗಿ, ಹಳ್ಳಿಯ ಹೆಂಗಸರ ಹಳೆಯ ಉಡುಪು, ಕಸೂತಿ ಮ್ಯೂಜಿಯಮ್ಮಿಗಾಗಿ ಕೂಡಿಸಿದರು, ಕಟ್ಟಿಗೆಯ ಮನೆ ಗುಡಿಗಳ ಫೋಟೋ ತೆಗೆದರು. ಅವರೂ ಸಂಗ್ರಹ ಮಾಡಿದವರೇ. ಆದರೆ ಕೂಡಿಸಿದ್ದನ್ನು ಮತ್ತೆ ಚಿತ್ರವಾಗಿ ಮಕ್ಕಳ ಕೈಗೆ ಕೊಟ್ಟರು. 1942ರಲ್ಲಿ ಲೆನಿನ್‌ಗ್ರಾಡಿಗೆ ಮುತ್ತಿಗೆ ಬಿದ್ದಾಗ ಹಸಿವಿನಿಂದ ಸತ್ತರು. ಬರಗಾಲ ಕಂಡ ನನಗೆ ಅದನ್ನು ಕೇಳಿ ಸಂಕಟವಾಯಿತು.

ಈಗ ನನ್ನ ಅಳತೆ ಏನು ಅಂತ ಹೇಳುತ್ತೇನೆ. ಎರಡು ಇವೆ. ಕಥೆಯ ಬಿಕ್ಕಟ್ಟಿನ ಜಾಗವನ್ನು ಚಿತ್ರಕಾರ ಬರೆದನೋ, ಇಲ್ಲಾ ಚಂದದ ಜಾಗ ಬರೆದು ತಪ್ಪಿಸಿಕೊಂಡನೋ, ಇದು ಒಂದು. ಕಥೆ ಯಾರ ಬಾಯಿಂದ ಬಂತೋ ಅವರ ಗುರುತು ಚಿತ್ರದಲ್ಲಿ ಇದೆಯೋ, ಇದು ಎರಡು. ಬಿಲಿಬಿನ್, ರಾಚೆವ್ ಎರಡರಲ್ಲೂ ಪಾಸು. ಶಂಕರ್ ಮೊದಲನೆಯದರಲ್ಲಿ ಪಾಸು, ಹೆಣದ ಭಾರ ತಪ್ಪಿಸಲಿಲ್ಲ. ಎರಡನೆಯದರಲ್ಲಿ ಅವರಿಗೆ ಪರೀಕ್ಷೆಗೆ ಕೂಡಲಿಕ್ಕೇ ಪತ್ರಿಕೆಯ ಪದ್ಧತಿ ಬಿಡಲಿಲ್ಲ.

ನಮ್ಮವ್ವ ಒಂದು ಕಥಿ ಹೇಳುತ್ತಿದ್ದಳು. ಬಡವಿಯ ಸಣ್ಣ ಮಗಳು ಹೂವಿನ ಗಿಡವಾಗುವ ಕಥಿ. ಅಕ್ಕ ಉಗುರು ತಾಗಿಸದೆ ಒಂದು ಕೊಡ ನೀರು ಹಾಕಿದರೆ ತಂಗಿ ಗಿಡ ಆಗುತ್ತಾಳೆ, ಟೊಂಗೆ ಮುರಿಯದೆ ಹೂ ಬಿಡಿಸಿ ಇನ್ನೊಂದು ಕೊಡ ಹಾಕಿದರೆ ತಿರುಗಿ ಹುಡುಗಿ. ರಾಜನ ಮಗ ಲಗ್ನ ಆಗುತ್ತಾನೆ. ನಾದಿನಿ ಗೆಳತಿಯರನ್ನು ಕಟ್ಟಿಕೊಂಡು ತೋಟಕ್ಕೆ ಕರೆದೊಯ್ದು ಗಿಡ ಮಾಡಿಸಿ, ಟೊಂಗೆ ಮುರಿದು ಹೂ ಕಿತ್ತು, ಹೆಂಗೆ ಬೇಕೋ ಹಂಗೆ ನೀರು ಚೆಲ್ಲಿ ಓಡುತ್ತಾರೆ. ಕೈಕಾಲಿಲ್ಲದ ಬರೇ ಮೈ ಆಗಿ ಹುಡುಗಿ ಮಳೆಯಲ್ಲಿ ಬಿದ್ದಿರುತ್ತಾಳೆ. ಕಡೆಗೆ ಗಂಡನೇ ಮತ್ತೆ ಗಿಡ ಮಾಡಿ, ಮುರಿದ ಟೊಂಗೆ ಕಟ್ಟಿ, ನೀರು ಹಾಕಿ ಉಳಿಸಿಕೊಳ್ಳುತ್ತಾನೆ. ಈ ಕಥೆಯನ್ನು ಎ.ಕೆ. ರಾಮಾನುಜನ್ ಅವರು ಕನ್ನಡ ನಾಡಿನಲ್ಲಿ ಕೇಳಿ ಬರೆದುಕೊಂಡು ಇಂಗ್ಲಿಷಿಗೆ ತಂದರು. ಗಿರೀಶ ಕಾರ್ನಾಡರು ಇದರ ಮೇಲೆ 'ಚೆಲುವಿ' ಅಂತ ಸಿನೆಮಾ ಮಾಡಿದರು. ನಮ್ಮವ್ವನಿಗೆ ಇವ್ಯಾವುವೂ ಗೊತ್ತಿರಲಿಲ್ಲ. ಹುಡುಗಿ ಮಳೆಯಲ್ಲಿ ಬಿದ್ದ ಜಾಗಕ್ಕೆ ಬಂದಾಗ ಅವಳ ದನಿ ಇಳಿಯುತ್ತಿತ್ತು, ಬೀಸುವ ಕಲ್ಲು ಒಂದು ಸುತ್ತು ನಿಲ್ಲುತ್ತಿತ್ತು. ಅಷ್ಟೇ ಚಿತ್ರ.

ಹೋದ ತಿಂಗಳು ಈ ಕಥಿಯನ್ನು ಮೊಮ್ಮಗಳಿಗೆ ಹೇಳಿದೆ. ಅವಳು ಮೂರನೆಯ ಇಯತ್ತೆ, ಮರಾಠಿ ಶಾಳೆ. ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. "ಮುತ್ಯಾ, ಇದರ ಚಿತ್ರ ಎಲ್ಲೈತಿ?" ಅಂದಳು. ಟ್ರಂಕಿನಲ್ಲಿ ಇರಲಿಲ್ಲ. "ನೀನs ಬರಿ" ಅಂದೆ. ಬರೆದಳು. ಹಳದಿ ಕೂದಲು, ಉಬ್ಬಿದ ಪರಕಾರ, ತಲೆಗೆ ಕಿರೀಟ. ಮೊಬೈಲಿನಲ್ಲಿ ನೋಡಿದ ರಾಜಕುಮಾರಿ. ನಾನು ಏನೂ ಅನ್ನಲಿಲ್ಲ. ಮರುದಿನ ಆ ಕೈಗವಸಿನ ಪುಸ್ತಕ ತೋರಿಸಿದೆ. ಬಹಳ ಹೊತ್ತು ನೋಡಿದಳು. "ಈ ನರಿ ಯಾರ ಸೀರಿ ಉಟ್ಟೈತಿ?" ಅಂದಳು. "ಅವರೂರ ಆಯಿದು" ಅಂದೆ. ಎರಡನೆಯ ಸಲ ಬರೆದ ಚಿತ್ರದಲ್ಲಿ ಹುಡುಗಿ ನನ್ನ ಹೆಂಡತಿಯ ಇಳಕಲ್ಲ ಸೀರೆ ಉಟ್ಟಿದ್ದಳು, ಮೂಗಿಗೆ ನತ್ತು ಇತ್ತು, ಕೈಕಾಲು ಇರಲಿಲ್ಲ. ಕೂದಲು ಮಾತ್ರ ಇನ್ನೂ ಹಳದಿ. ಯಾಕವ್ವಾ ಅಂದರೆ, "ಕರೀ ಬಣ್ಣ ತೀರೈತಿ ಮುತ್ಯಾ" ಅಂದಳು.

ಕಮಿಟಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟು. ಚಂದಮಾಮ 2013ರ ಹೊತ್ತಿಗೆ ಪೂರಾ ನಿಂತುಹೋಯಿತು, ಇನ್ನು ಹೊಸದು ಬರುವುದಿಲ್ಲ. ನಮ್ಮಲ್ಲಿ ಒಂದೇ ತಿಂಗಳಿನ ಎರಡೆರಡು ಪ್ರತಿ ಇದ್ದವುಗಳಲ್ಲಿ ಒಂದನ್ನು ಪುಣೆಯವರಿಗೆ ಕೊಡೋಣ. ಅವರ ಕಪಾಟಿನಲ್ಲಿ ಅವು ನಮ್ಮಲ್ಲಿಗಿಂತ ಹೆಚ್ಚು ವರ್ಷ ಬಾಳುತ್ತವೆ, ಅದು ಖರೆ. ಒಂಟಿ ಪ್ರತಿಗಳ ಫೋಟೋ ತೆಗೆದುಕೊಳ್ಳಲಿ. ಆದರೆ ಟ್ರಂಕು ಬರಿದು ಮಾಡುವುದು ಬ್ಯಾಡ. ಪತ್ರಾ ಹೊಸದಾಗಿ, ಅದರ ಕೆಳಗೆ ಓದಲಿಕ್ಕೆ ಏನೂ ಇಲ್ಲದಿದ್ದರೆ ನೆರಳು ಯಾರಿಗೆ? ಕಲೆ ಬಿದ್ದ, ಗೀಚಿದ, ಮುಖಪುಟ ಹೋದ ಪ್ರತಿಗಳನ್ನು ಮೊದಲು ಉಳಿಸಿಕೊಳ್ಳಬೇಕು. ಯಾವ ಕಥೆಯನ್ನು ನಮ್ಮ ಮಂದಿ ಮತ್ತೆ ಮತ್ತೆ ಓದಿದರು ಅನ್ನುವುದಕ್ಕೆ ಅವೇ ದಾಖಲೆ.

ಕೆಲವರು ಸಿಟ್ಟಾದರು. ಸೋರುವುದು ನಿನ್ನ ತಲೆಯ ಮೇಲಲ್ಲ ಅಂದರು. ಅದೂ ಖರೆ. ಕಡೆಗೆ ಜೋಡಿ ಇದ್ದ ಏಳು ಸಂಚಿಕೆ ಕೊಟ್ಟೆವು. ಬಂದ ರೊಕ್ಕದಲ್ಲಿ ಕಪಾಟು ಮತ್ತು ಟ್ರಂಕು ಇರುವ ಮೂಲೆಗೆ ಮೂರು ಪತ್ರಾ ಬಿದ್ದವು. ಉಳಿದದ್ದು ಈ ಮಳೆಗಾಲವೂ ಸೋರುತ್ತದೆ. ಪುಣೆಯವರು ಬೇಸರ ಮಾಡಿಕೊಳ್ಳಲಿಲ್ಲ. ಸುಕಡಿಯ ಕಲೆಯ ಕಥೆ ಹೇಳಿದಾಗ ಆ ಪ್ರತಿಯನ್ನು ಇನ್ನೊಮ್ಮೆ ಕೈಗೆ ತೆಗೆದುಕೊಂಡು ನೋಡಿದರು. "ಕಾಕಾ, ಇದನ್ನ ಕೊಡ್ತೀರೇನು?" ಅಂದರು. ಇಲ್ರಿ ಅಂದೆ.

ಕೊನೆಗೊಂದು ವಿನಂತಿ. ನಿಮ್ಮ ಮನೆಯಲ್ಲಿ ಆಯಿ, ಮುತ್ಯಾ ಹೇಳಿದ ಕಥಿ ಯಾರಿಗಾದರೂ ನೆನಪಿದ್ದರೆ ರವಿವಾರ ಸಂಜೆ ವಾಚನಾಲಯಕ್ಕೆ ಬಂದು ಹೇಳ್ರಿ. ಮಕ್ಕಳು ಚಿತ್ರ ಬರೆಯುತ್ತಾರೆ. ಶಂಕರ್ ಅವರ ಕೈ ಬರಲಿಕ್ಕಿಲ್ಲ, ಬರದಿದ್ದರೆ ಇರಲಿ, ಬಿಕ್ಕಟ್ಟಿನ ಜಾಗ ಬಿಡದೆ ಬರೀರಿ ಅಂತ ನಾನು ಹೇಳಿಕೊಡುತ್ತೇನೆ. ಆ ಹಾಳೆಗಳನ್ನು ಹೊಲಿದು ಅದೇ ಟ್ರಂಕಿನಲ್ಲಿ ಇಡೋಣ. ಕಾಗದ ವಾಚನಾಲಯದ್ದು. ಬಣ್ಣ ನೀವು ತರಬೇಕು. ಕರೀ ಬಣ್ಣ ಎರಡು ಹೆಚ್ಚಿಗೆ ತರ್ರಿ.